ಎರಡು ನಲ್ಲಿಗಳ ಮೈದಾನ

ಮೊನ್ನೆ ನನ್ನ ಮೊಮ್ಮಗಳ ಟೀಮು ಆರು ಗೋಲುಗಳಿಂದ ಸೋತಿತು. ಅದನ್ನು ಆರಕ್ಕೇ ನಿಲ್ಲಿಸಿದವಳು ನನ್ನ ಮೊಮ್ಮಗಳು. ಶಿಫಾ ಎಂದು ಹೆಸರು, ಹತ್ತೊಂಬತ್ತು ವರ್ಷ, ಕಾಲೇಜು ಟೀಮಿನ ಗೋಲ್‌ಕೀಪರ್. ಅವಳು ಅಡ್ಡ ಬೀಳದೇ ಇದ್ದಿದ್ದರೆ ಹದಿನಾರಾಗುತ್ತಿತ್ತು ಎಂದು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಎಪ್ಪತ್ತೈದು ವರ್ಷದ ಮುದುಕ, ಬೇಲಿಯ ತಂತಿಗೆ ಮೂಗು ಒತ್ತಿ ನಿಂತು ಚಪ್ಪಾಳೆ ಹೊಡೆದೂ ಹೊಡೆದೂ ಅಂಗೈ ಕೆಂಪು ಮಾಡಿಕೊಂಡೆ. ಪಕ್ಕದಲ್ಲಿದ್ದ ಒಬ್ಬ ಪಠಾಣ್ ಕೇಳಿದ, "ಚಾಚಾ, ನೀವು ಗೆಲ್ಲುವ ಟೀಮಿನವರಾ?" "ಅಲ್ಲ ಭಾಯಿ, ಸೋಲುವ ಟೀಮಿನವನು" ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ ನಾಲ್ಕು ಹೆಜ್ಜೆ ದೂರ ಸರಿದು ನಿಂತ.

ಮಗ ಅಶ್ರಫ್ ವಿಸಿಟ್ ವೀಸಾ ಮಾಡಿಸಿ ನನ್ನನ್ನು ಕುವೈತಿಗೆ ಕರೆಸಿಕೊಂಡು ಮೂರು ವಾರವಾಗಿತ್ತು. ಇಪ್ಪತ್ತು ವರ್ಷಗಳ ಮೇಲೆ ಈ ನೆಲ ಮೆಟ್ಟಿದ್ದು. ಊರೆಲ್ಲ ಬದಲಾಗಿದೆ, ನನಗೆ ಗುರುತು ಹತ್ತಿದ್ದು ಬಿಸಿಲೊಂದೇ. ಆಟದ ನಡುವೆ ಬಿಡುವು ಬಂದಾಗ ಕೆಲಸದವನೊಬ್ಬ ಪೈಪು ಎಳೆದು ತಂದು ಮೈದಾನದ ಪ್ಲಾಸ್ಟಿಕ್ ಹುಲ್ಲಿಗೆ ನೀರು ಬಿಟ್ಟ, ಕಾವು ಇಳಿಯಲಿ ಎಂದು. ಪೈಪು ಒಂದು ಕಡೆ ಸೋರಿ ಬೇಲಿಯ ಈಚೆಗಿನ ಮರಳಿಗೆ ನೀರು ಬಿತ್ತು. ಕಾದ ಮರಳಿಗೆ ನೀರು ಬಿದ್ದಾಗ ಏಳುವ ಆ ವಾಸನೆ ನಮ್ಮ ಊರಿನ ಮೊದಲ ಮಳೆಯ ವಾಸನೆಯಲ್ಲ. ಅದರಲ್ಲಿ ಸುಣ್ಣವಿದೆ, ತುಕ್ಕಿದೆ, ಒಂದಿಷ್ಟು ಸಮುದ್ರವೂ ಇದೆ. ನನ್ನ ಕೈ ತಾನಾಗಿಯೇ ಕೆಳಗೆ ಹೋಯಿತು. ಬೆರಳನ್ನು ನೀರಿಗೆ ಅದ್ದಿ ನಾಲಗೆಗೆ ಇಟ್ಟೆ.

"ಬಾಪಾ! ಎಂತ ಮಾಡುದು ನೀವು? ಜನ ನೋಡ್ತಾ ಇದ್ದಾರೆ" ಎಂದ ಅಶ್ರಫ್.

"ಸಿಹಿನೀರು" ಎಂದೆ ನಾನು.

"ಅದಕ್ಕೆ?"

ಅದಕ್ಕೆ ಏನೆಂದು ಹೇಳುವಷ್ಟರಲ್ಲಿ ಆಟ ಮತ್ತೆ ಶುರುವಾಯಿತು. ಮೂರನೆಯ ಗೋಲು ಬಿದ್ದದ್ದು ಆಮೇಲೆಯೇ. ಶಿಫಾ ಗೋಲು ಬಿಟ್ಟು ಬಹಳ ಮುಂದೆ ಓಡಿ ಬಂದಳು, ಚೆಂಡು ಅವಳ ತಲೆಯ ಮೇಲಿಂದ ಹಾರಿ ಖಾಲಿ ಗೋಲಿಗೆ ಉರುಳಿತು. ತಂದೆ ತಾಯಂದಿರೆಲ್ಲ ಕೋಚ್ ಕಡೆ ತಿರುಗಿ ಕೂಗತೊಡಗಿದರು. ಕೋಚ್ ಎಂದರೆ ಮೂವತ್ತು ದಾಟದ ಒಬ್ಬ ಹುಡುಗಿ, ತಲೆಗೆ ಕಪ್ಪು ಬಟ್ಟೆ ಕಟ್ಟಿಕೊಂಡು ಗೆರೆಯ ಹತ್ತಿರ ನಿಂತಿದ್ದಳು. "ಕೀಪರನ್ನು ಅಷ್ಟು ದೂರ ಕಳಿಸುದಾ ಯಾರಾದರೂ? ತಲೆ ಸಮ ಇಲ್ಲ ಇವಳಿಗೆ" ಎಂದ ನನ್ನ ಮಗ. ಅವಳು ತಿರುಗಿಯೂ ನೋಡಲಿಲ್ಲ.

ಆಟ ಮುಗಿದು ಕಾರಿಗೆ ಬಂದಾಗ ಅಶ್ರಫನ ಫೋನಿನಲ್ಲಿ ಒಂದು ಕಾಗದ ಕಾಯುತ್ತಿತ್ತು. ಹುಡುಗಿಯರ ತಂದೆ ತಾಯಂದಿರೆಲ್ಲ ಸೇರಿ ಕಾಲೇಜಿಗೆ ಬರೆದದ್ದು. ಒಂದು ವರ್ಷದಿಂದ ಒಂದೂ ಪಂದ್ಯ ಗೆದ್ದಿಲ್ಲ, ಈ ಕೋಚನ್ನು ಈಗಲೇ ತೆಗೆಯಬೇಕು. ಎಲ್ಲರೂ ಹೆಸರು ಹಾಕಿದ್ದಾರೆ, ನಮ್ಮದೊಂದು ಬಾಕಿ. ಶಿಫಾ ಹಿಂದಿನ ಸೀಟಿನಲ್ಲಿ ಬೂಟು ಕಳಚಿ, ಮೊಣಕಾಲಿಗೆ ಐಸ್ ಇಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದಳು. ಅಶ್ರಫ್ ಹೆಬ್ಬೆರಳನ್ನು ಫೋನಿನ ಮೇಲೆ ತಂದ.

"ಸ್ವಲ್ಪ ತಡಿ" ಎಂದೆ. "ನನ್ನದೊಂದು ಕತೆ ಉಂಟು. ಕೇಳಿ ಆಮೇಲೆ ಒತ್ತು."

"ಈಗಲಾ ಬಾಪಾ? ಈ ಟ್ರಾಫಿಕ್‌ನಲ್ಲಾ?"

"ಟ್ರಾಫಿಕ್‌ನಲ್ಲಿ ನಿನಗೆ ಬೇರೆ ಎಂತ ಕೆಲಸ ಉಂಟು?"

ಹಾಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಕನ್ನಡ ಬರೆಯುವುದನ್ನು ಸರಿಯಾಗಿ ಕಲಿತದ್ದು ಇದೇ ಕುವೈತಿನಲ್ಲಿ, ಹೆಂಡತಿಗೆ ಕಾಗದ ಬರೆದೂ ಬರೆದೂ. ಆದರೆ ಈ ಸಂಗತಿಯನ್ನು ಅವಳಿಗೂ ಬರೆದಿರಲಿಲ್ಲ.

ತೊಂಬತ್ತನೆಯ ಇಸವಿ. ಶುವೈಖ್ ಇಂಡಸ್ಟ್ರಿಯಲ್ ಏರಿಯಾದ ಬೆನ್ನಿಗೆ ಒಂದು ಕಾಲೇಜಿತ್ತು. ಗ್ಯಾರೇಜುಗಳಲ್ಲಿ ತಗಡು ಬಡಿಯುವ ಸದ್ದು ಅದರ ಮೈದಾನಕ್ಕೆ ದಿನವಿಡೀ ಕೇಳುತ್ತಿತ್ತು. ಆ ಮೈದಾನವನ್ನು ನೋಡಿಕೊಳ್ಳುವ ಕೆಲಸ ನನ್ನದು. ಅಬ್ಬಾಸಿಯಾದಲ್ಲಿ ನಮ್ಮ ಕಡೆಯ ಏಳು ಜನ ಬ್ಯಾರಿಗಳು ಒಂದೇ ರೂಮಿನಲ್ಲಿದ್ದೆವು. ನಾನು ಬೆಳಿಗ್ಗೆ ಬಸ್ಸು ಹಿಡಿದು ಹೋಗಿ ಮರಳು ಹರಗುತ್ತಿದ್ದೆ, ಕಲ್ಲು ಹೆಕ್ಕುತ್ತಿದ್ದೆ, ಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದೆ, ಸಂಜೆ ನೀರು ಹಾಕುತ್ತಿದ್ದೆ. ಹುಲ್ಲು ಎಂಬುದು ಅಲ್ಲಿ ಇರಲಿಲ್ಲ. ಹದವಾಗಿ ನೀರು ಹಾಕಿ ಕೂರಿಸಿದ ಮರಳೇ ಮೈದಾನ.

ಅಲ್ಲಿಯ ಫುಟ್‌ಬಾಲ್ ಕೋಚ್ ಸುಡಾನಿನವರು. ಇದ್ರೀಸ್ ಎಂದು ಹೆಸರು, ಎಲ್ಲರೂ ಕ್ಯಾಪ್ಟನ್ ಎನ್ನುತ್ತಿದ್ದರು. ಎತ್ತರದ ಆಳು, ಒಂದು ಮೊಣಕಾಲು ಮಡಚುತ್ತಿರಲಿಲ್ಲ. ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳೊಂದಿಗೆ ಮೈದಾನ್ ಹವಲ್ಲಿ ಎಂಬ ಬಡಾವಣೆಯಲ್ಲಿ ಮನೆ. ಅವರದೊಂದು ಕ್ರಮವಿತ್ತು. ಮೈದಾನಕ್ಕೆ ಬಂದ ಕೂಡಲೇ ಬೂಟು ಕಳಚಿ ಕೈಯಲ್ಲಿ ಹಿಡಿದು ಈ ತುದಿಯಿಂದ ಆ ತುದಿಗೆ ಬರಿಗಾಲಿನಲ್ಲಿ ನಡೆಯುವರು. "ಯಾ ಇಸ್ಮಾಯಿಲ್, ಇಲ್ಲಿ ಗಟ್ಟಿ, ಅಲ್ಲಿ ಪುಡಿ" ಎನ್ನುವರು. ನಾನು ಅಲ್ಲಿಗೆ ಹೋಗಿ ಸರಿ ಮಾಡುವೆ. ಅರಬ್ಬಿ, ಹಿಂದಿ, ಕೈಸನ್ನೆ ಕಲಸಿ ಮಾತಾಡುತ್ತಿದ್ದೆವು. ಆ ದೇಶದಲ್ಲಿ ನನ್ನ ಕೆಲಸವನ್ನು ಕಾಲಿನಿಂದ ಮುಟ್ಟಿ ನೋಡಿದ ಮನುಷ್ಯ ಅವರೊಬ್ಬರೇ.

ಆದರೆ ಟೀಮು ಸೋಲುತ್ತಿತ್ತು. ಜನವರಿಯಲ್ಲಿ ಸೋತಿತು, ಫೆಬ್ರವರಿಯಲ್ಲಿ ಸೋತಿತು. ಎಲ್ಲರೂ ಚೆಂಡನ್ನು ಎತ್ತಿ ಒದ್ದು ಓಡುತ್ತಿದ್ದ ಕಾಲ ಅದು. ಕ್ಯಾಪ್ಟನ್ ಮಾತ್ರ ನೆಲ ಬಿಡದೆ ಒಬ್ಬರಿಂದೊಬ್ಬರಿಗೆ ಸಣ್ಣ ಸಣ್ಣದಾಗಿ ಚೆಂಡು ತಳ್ಳುವುದನ್ನು ಕಲಿಸುತ್ತಿದ್ದರು. "ಇದು ಒಂದು ವರ್ಷದಲ್ಲಿ ಬರುವುದಿಲ್ಲ, ಎರಡು ವರ್ಷ ಕೊಡಿ" ಎಂದು ಮೊದಲ ದಿನವೇ ಕೇಳಿದ್ದರಂತೆ. ಹುಡುಗರಿಗೆ ತಾಳ್ಮೆ ಇರಲಿಲ್ಲ. ಗೋಡೆಗೆ ಒರಗಿ ನಿಂತವರು "ಮಾಫಿ ಗೋಲ್, ಕ್ಯಾಪ್ಟನ್! ಮಾಫಿ ಗೋಲ್!" ಎಂದು ಹಾಡುತ್ತಿದ್ದರು. ಗೋಲಿಲ್ಲ, ಗೋಲಿಲ್ಲ. ಅವರು ಆ ಹಾಡಿಗೆ ಕೈಯಲ್ಲಿ ತಾಳ ಹಾಕುತ್ತ ನಡೆದು ಹೋಗುತ್ತಿದ್ದರು.

ಕಾಲೇಜಿನ ಆಫೀಸಿನಲ್ಲಿ ನಂಜುಂಡಯ್ಯ ಎಂಬ ಮೈಸೂರಿನವರು ಟೈಪಿಂಗು, ಫೈಲು ನೋಡಿಕೊಳ್ಳುತ್ತಿದ್ದರು. ಕನ್ನಡ ಮಾತಾಡಲು ನನಗೆ ಅವರು, ಅವರಿಗೆ ನಾನು. "ಏನ್ರೀ ಇಸ್ಮಾಯಿಲ್, ನಿಮ್ಮ ಕ್ಯಾಪ್ಟನ್ನು ಗೋಲ್ ಹೊಡೆಸೋದು ನಾನು ರಿಟೈರ್ ಆದ್ಮೇಲೇನಾ?" ಎಂದು ಚಹಾದ ಹೊತ್ತಿಗೆ ಕೆಣಕುವರು. ಒಂದು ದಿನ ಮಾತ್ರ ನಗಲಿಲ್ಲ.

"ಮುದೀರ್ ಹೇಳಿಬಿಟ್ರು ಕಣ್ರೀ. ರಂಜಾನ್ ಆದ್ಮೇಲೆ ಕೊನೇ ಮ್ಯಾಚು ಇದ್ಯಲ್ಲ, ಅದನ್ನ ಗೆದ್ರೆ ಇನ್ನೊಂದು ವರ್ಷ. ಸೋತ್ರೆ ಖಲಾಸ್."

ಮುದೀರ್ ಎಂದರೆ ಕಾಲೇಜಿನ ಮುಖ್ಯಸ್ಥರು. ಖಲಾಸ್ ಎಂದರೆ ಕೆಲಸ ಮಾತ್ರ ಹೋಗುವುದಲ್ಲ. ಕಾಲೇಜೇ ಅವರ ಕಫೀಲ್, ಎಂದರೆ ಹೊಣೆ ಹೊತ್ತ ಧಣಿ, ಕಾಲೇಜು ಸಹಿ ಹಾಕಿದರೆ ಮಾತ್ರ ಅವರ ಇಕಾಮಾ, ಅಂದರೆ ಈ ದೇಶದಲ್ಲಿ ಇರುವ ಪರವಾನಗಿ. ಅದು ಸೆಪ್ಟೆಂಬರಿಗೆ ಮುಗಿಯುತ್ತಿತ್ತು. ದೊಡ್ಡ ಮಗಳು ಹತ್ತನೇ ಕ್ಲಾಸು. ಪರೀಕ್ಷೆಗೆ ಮೊದಲೇ ಗಂಟುಮೂಟೆ ಕಟ್ಟಬೇಕು.

"ನೀವು ಹೇಳಿ ಸಾರ್, ಅವರಿಗೆ ಟೈಮ್ ಕೊಡ್ಬೇಕಾ ಬೇಡ್ವಾ?" ಎಂದು ಕೇಳಿದೆ.

ನಂಜುಂಡಯ್ಯನವರು ಕನ್ನಡಕ ತೆಗೆದು ಒರೆಸಿದರು. "ಕೊಡ್ಬೇಕು ಅಂತ ನಂಗೂ ಅನ್ಸತ್ತೆ. ಆದ್ರೆ ಸೋಲ್ತಾನೇ ಇರೋನಿಗೆ ಎಷ್ಟು ದಿನ ಅಂತ ಕೊಡ್ತೀರಿ? ಆ ಕಡೆ ಹುಡುಗರೂ ಮನುಷ್ಯರೇ ಅಲ್ವಾ? ಅವರಿಗೆ ಇರೋದು ಎರಡೇ ವರ್ಷ ಕಾಲೇಜು."

ಇಂದಿಗೂ ಆ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ.

ರಂಜಾನಿನಲ್ಲಿ ಏನೋ ಬದಲಾಯಿತು. ಉಪವಾಸ ಬಿಟ್ಟು, ನಮಾಜು ಮುಗಿಸಿ ಹುಡುಗರು ಮೈದಾನಕ್ಕೆ ಬರುತ್ತಿದ್ದರು. ಹೊಟ್ಟೆ ಹಗುರ, ಗಾಳಿ ತಂಪು. ಒಂದು ದಿನ ನಾನು ನೋಡುತ್ತಾ ನಿಂತಿದ್ದಂತೆ ಚೆಂಡು ಒಬ್ಬನಿಂದೊಬ್ಬನಿಗೆ, ಒಬ್ಬನಿಂದೊಬ್ಬನಿಗೆ, ಎಲ್ಲೂ ನಿಲ್ಲದೆ ಮೈದಾನ ದಾಟಿ ಹೋಯಿತು. ಮಗ್ಗದಲ್ಲಿ ಲಾಳಿ ಓಡಿದ ಹಾಗೆ. ಕ್ಯಾಪ್ಟನ್ ನನ್ನ ಭುಜ ಹಿಡಿದು ಅಲುಗಿಸಿದರು. "ಕಂಡೆಯಾ ಇಸ್ಮಾಯಿಲ್? ಕಂಡೆಯಾ?" ಆ ತಿಂಗಳು ಎರಡು ಪಂದ್ಯ ಸಮ ಆಯಿತು. ಮಾಫಿ ಗೋಲ್ ಹಾಡು ನಿಂತಿತು. ನಾನು ಐದು ಹೊತ್ತಿನ ನಮಾಜಿನಲ್ಲೂ ಆ ಕೊನೆಯ ಪಂದ್ಯವನ್ನೇ ಬೇಡುತ್ತಿದ್ದೆ. ಬೇಡುವುದರಲ್ಲೇ ನಿಲ್ಲಿಸಬೇಕಿತ್ತು.

ಮೈದಾನದ ಮೂಲೆಯಲ್ಲಿ ಎರಡು ನಲ್ಲಿಗಳಿದ್ದವು. ಒಂದು ಸಿಹಿನೀರಿನದು. ಅದನ್ನು ಮೈದಾನಕ್ಕೆ ಹೆಚ್ಚು ಬಳಸಬಾರದು ಎಂದು ಕಾಲೇಜಿನ ಅಪ್ಪಣೆ. ನಾನು ಸಂಜೆ ಅದರಿಂದಲೇ ಕ್ಯಾನಿನಲ್ಲಿ ಹಿಡಿದು ತೆಳ್ಳಗೆ ಚಿಮುಕಿಸುತ್ತಿದ್ದೆ. ಇನ್ನೊಂದು ದಪ್ಪ ಪೈಪಿನದು, ನೆಲದಡಿಯಿಂದ ಬರುವ ಸವಳು ನೀರು, ಬೇಲಿಸಾಲಿನ ಖರ್ಜೂರದ ಮರಗಳಿಗೆ. ಅದನ್ನು ಎಷ್ಟು ಬಿಟ್ಟರೂ ಕೇಳುವವರಿಲ್ಲ. ಕೊನೆಯ ಪಂದ್ಯಕ್ಕೆ ಮೂರು ದಿನ ಇರುವಾಗ ಬಿಸಿಲು ಹುಚ್ಚು ಹಿಡಿದಂತೆ ಏರಿತು. ನನ್ನ ಕ್ಯಾನಿನ ನೀರು ಬಿದ್ದಲ್ಲೇ ಆರುತ್ತಿತ್ತು. ಮರಳು ಪುಡಿಯಾಗಿ ಚೆಂಡು ಹೂತುಕೊಳ್ಳುತ್ತದೆ ಎಂಬ ಭಯ ನನಗೆ.

ನಾನು ಹುಟ್ಟಿ ಬೆಳೆದದ್ದು ಹೊಳೆ ಸಮುದ್ರ ಸೇರುವ ಕಡೆ. ಬೇಸಿಗೆಯಲ್ಲಿ ನಮ್ಮ ಬಾವಿಯ ನೀರು ಉಪ್ಪಾಗುತ್ತದೆ. ಕುಡಿಯಲು ದೂರದಿಂದ ತಂದರೂ ವಾಲಿಬಾಲ್ ಅಂಗಳಕ್ಕೆ ಅದೇ ಉಪ್ಪುನೀರನ್ನು ಹೊಯ್ದು ಬಡಿಯುತ್ತಿದ್ದೆವು. ಹಲಗೆಯಂತೆ ಕೂರುತ್ತಿತ್ತು. ಜೂನ್ ಬಂದರೆ ಮಳೆ ಎಲ್ಲವನ್ನೂ ತೊಳೆದುಬಿಡುತ್ತದೆ. ಆ ಲೆಕ್ಕವನ್ನೇ ನಾನು ಮಳೆಯಿಲ್ಲದ ಊರಿಗೆ ತಂದೆ. ಮೂರು ಸಂಜೆ ದಪ್ಪ ಪೈಪನ್ನು ಎಳೆದು ಮೈದಾನ ತೋಯುವಷ್ಟು ಸವಳು ನೀರು ಬಿಟ್ಟೆ. ಯಾರನ್ನೂ ಕೇಳಲಿಲ್ಲ. ಕ್ಯಾಪ್ಟನಿಗೆ ಹೇಳದೆ ಮಾಡಿ ಅವರನ್ನು ಖುಷಿಪಡಿಸಬೇಕು ಎಂದಿತ್ತು.

ಪಂದ್ಯದ ಬೆಳಿಗ್ಗೆ ಹೋಗಿ ನೋಡಿದರೆ ಮೈದಾನ ಬೆಳ್ಳಗಿತ್ತು. ಉಪ್ಪು ಮೇಲೆದ್ದು ಹಪ್ಪಳದಂತೆ ಪದರ ಕಟ್ಟಿತ್ತು. ಕಾಲಿಟ್ಟರೆ ಪಟ್ ಎಂದು ಒಡೆಯುತ್ತಿತ್ತು, ಒಳಗೆ ಪುಡಿ ಮರಳು. ನಾನು ಹುಚ್ಚನಂತೆ ಹಲುಬೆ ಹಿಡಿದು ಹರಗಿದೆ. ಅರ್ಧ ಮೈದಾನವೂ ಮುಗಿಯಲಿಲ್ಲ, ಕ್ಯಾಪ್ಟನ್ ಬಂದರು. ಎಂದಿನಂತೆ ಬೂಟು ಕಳಚಿ ನಡೆದರು. ನಡುವೆ ಒಂದು ಕಡೆ ನಿಂತು ಹಿಮ್ಮಡಿಯಿಂದ ಒತ್ತಿದರು. ಬಗ್ಗಿ ನೆಲ ಮುಟ್ಟಿ ಬೆರಳನ್ನು ಬಾಯಿಗೆ ತಂದರು. ದುವಾ ಮಾಡಿ ಬೆರಳಿಗೆ ಮುತ್ತಿಟ್ಟರು ಎಂದುಕೊಂಡೆ. ನನ್ನ ಕಡೆ ಒಮ್ಮೆ ನೋಡಿದರು. "ಯಲ್ಲಾ, ಇಸ್ಮಾಯಿಲ್" ಎಂದರು, ನಡೆ ಎಂಬಂತೆ, ಅಷ್ಟೇ.

ಆ ಪಂದ್ಯವನ್ನು ಎಷ್ಟು ಸಲ ಆಡಿದ್ದೇನೋ ನಾನು ಮನಸ್ಸಿನಲ್ಲಿ. ಬಂದ ಟೀಮು ಚೆಂಡನ್ನು ಮೇಲೆ ಮೇಲೆ ಒದ್ದಿತು, ಅವರಿಗೆ ನೆಲ ಹೇಗಿದ್ದರೇನು? ನಮ್ಮ ಹುಡುಗರು ಕಲಿತ ಹಾಗೆ ನೆಲದ ಮೇಲೆ ತಳ್ಳಿದರು. ಚೆಂಡು ಒಂದು ಕಡೆ ಜಾರಿತು, ಒಂದು ಕಡೆ ಪುಟಿಯಿತು, ಒಂದು ಕಡೆ ಸತ್ತುಬಿತ್ತು. ಆದರೂ ಗೋಲು ಬಿಡದೆ ಹಿಡಿದರು. ಮುಗಿಯಲು ಹತ್ತು ನಿಮಿಷ ಇರುವಾಗ ನಮ್ಮ ಹಿಂದಿನ ಸಾಲಿನ ಹುಡುಗನೊಬ್ಬ ಕೀಪರಿಗೆ ಮೆಲ್ಲನೆ ಚೆಂಡು ಕೊಟ್ಟ. ಹದಿನೈದು ಹೆಜ್ಜೆ ಹೋಗಬೇಕಾದ ಚೆಂಡು ಏಳನೆಯ ಹೆಜ್ಜೆಗೆ ಪದರ ಒಡೆದು ಗುಳಿಯಲ್ಲಿ ಕೂತಿತು. ಅವರವನು ಬಂದು ಎತ್ತಿಕೊಂಡು ಹೋಗಿ ಗೋಲಿಗೆ ಹಾಕಿದ. ಒಂದೇ ಗೋಲು.

ಮುದೀರ್ ಕುರ್ಚಿಯಿಂದ ಎದ್ದು ಹೋದರು. ಆ ಹುಡುಗ ಮೈದಾನದಲ್ಲಿ ಕೂತು ಅಳುತ್ತಿದ್ದ. ಕ್ಯಾಪ್ಟನ್ ಅವನ ಪಕ್ಕ ಕೂತು, ಮಡಚದ ಕಾಲನ್ನು ಮುಂದೆ ಚಾಚಿ, "ಸರಿಯಾದ ಪಾಸು ಅದು. ನಾಳೆಯೂ ಅದನ್ನೇ ಕೊಡು" ಎನ್ನುತ್ತಿದ್ದರು. ನಾಳೆ ಎಲ್ಲಿತ್ತು? ನಾನು ದಪ್ಪ ಪೈಪನ್ನು ಸುತ್ತಿ ಶೆಡ್ಡಿನೊಳಗೆ ಬಚ್ಚಿಟ್ಟೆ. ಕೊಲೆ ಮಾಡಿದವನು ಕತ್ತಿ ಅಡಗಿಸುವ ಹಾಗೆ.

ಮುದೀರ್ ಒಬ್ಬರೇ ತೆಗೆಯುವಂತಿರಲಿಲ್ಲ, ಕ್ಯಾಪ್ಟನ್ ಅವರ ಕೆಲಸದ ತೀರ್ಮಾನ ಕಮಿಟಿಯ ಮೀಟಿಂಗಿಗೆ ಹೋಯಿತು. ಮೀಟಿಂಗು ಜೂನಿನಿಂದ ಜುಲೈಗೆ, ಜುಲೈಯಿಂದ ರಜೆಯ ಮೇಲೆ ಸೆಪ್ಟೆಂಬರಿಗೆ ಹೋಯಿತು. ಜೂನಿನಲ್ಲೇ ನಾನು ನಂಜುಂಡಯ್ಯನವರ ಹತ್ತಿರ ಎಲ್ಲವನ್ನೂ ಹೇಳಿ ಒಂದು ಕಾಗದ ಟೈಪ್ ಮಾಡಿಕೊಡಿ ಎಂದು ಕೇಳಿದೆ. ತಪ್ಪು ನೀರು ಬಿಟ್ಟವನು ನಾನು, ಪಂದ್ಯ ಸೋತದ್ದು ಮೈದಾನದಿಂದ, ಕ್ಯಾಪ್ಟನಿಂದ ಅಲ್ಲ ಎಂದು.

ಅವರು ಟೈಪ್ ಮಾಡಿದರು. ಕಾಗದವನ್ನು ಕೈಗೆ ಕೊಡದೆ ಹಿಡಿದುಕೊಂಡೇ ಹೇಳಿದರು, "ಇದು ಲೆಟರ್ ಅಲ್ಲ ಕಣ್ರೀ, ನಿಮ್ಮ ವಾಪಸ್ ಟಿಕೆಟ್ಟು. ಕೊಟ್ಟ ದಿನಾನೇ ನಿಮ್ಮನ್ನ ಕಳಿಸ್ತಾರೆ."

"ಹಾಗಾದ್ರೆ ಕ್ಯಾಪ್ಟನ್?"

"ಅವರು ಓದಿರೋರು, ಎಲ್ಲಾದ್ರೂ ಬದುಕ್ತಾರೆ. ನಿಮಗೆ ಯಾರು ಇಟ್ಕೊಂಡಿದಾರೆ ಇನ್ನೊಂದು ಮೈದಾನ?"

ಊರಿನಲ್ಲಿ ಹೆಂಡತಿ, ಎಂಟು ವರ್ಷದ ಈ ಅಶ್ರಫ್, ಕೆಳಗೆ ಎರಡು ಹೆಣ್ಣು, ಮಾಡು ಹೊದೆಸದೆ ನಿಂತ ಗೋಡೆ. ಕಾಗದವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡೆ. ಇವತ್ತು ಕೊಡುತ್ತೇನೆ ಎಂದು ಬೆಳಿಗ್ಗೆ ಹೊರಡುವೆ, ನಾಳೆ ಕೊಡುತ್ತೇನೆ ಎಂದು ಸಂಜೆ ಮರಳುವೆ. ಐವತ್ತು ಡಿಗ್ರಿಯ ಬೆವರಿಗೆ ಕಾಗದ ಮೆತ್ತಗಾಗಿ, ಒಣಗಿ, ಅದರ ಮೇಲೂ ಉಪ್ಪಿನ ಬಿಳಿ ಗೆರೆ ಮೂಡಿತು. ಕ್ಯಾಪ್ಟನ್ ರಜೆಯಲ್ಲೂ ಬರುತ್ತಿದ್ದರು, ಖಾಲಿ ಮೈದಾನದಲ್ಲಿ ಬರಿಗಾಲಿನಲ್ಲಿ ನಡೆಯುತ್ತಿದ್ದರು. ನಾನು ಈಗ ಸಿಹಿನೀರು ಮಾತ್ರ ಹಾಕುತ್ತಿದ್ದೆ, ಅಪ್ಪಣೆ ಮೀರಿ. "ಒಳ್ಳೆಯದಾಗಿದೆ" ಎನ್ನುತ್ತಿದ್ದರು. ಆ ಮಾತು ಕೇಳಿದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ.

ಜುಲೈ ಕೊನೆಗೆ ನಂಜುಂಡಯ್ಯನವರು ಮೈಸೂರಿಗೆ ರಜೆ ಹೊರಟರು. ಅವರು ಬೀರು ಬೀಗ ಹಾಕುವ ಮೊದಲು ನಾನು ಓಡಿ ಹೋಗಿ ಕಾಗದ ಕೊಟ್ಟೆ. "ಸೆಪ್ಟೆಂಬರಿನ ಮೀಟಿಂಗ್ ಫೈಲಿಗೆ ಹಾಕಿ ಸಾರ್." ಅವರು ನನ್ನ ಮುಖ ನೋಡಿದರು, ಫೈಲು ತೆಗೆದು ಎಲ್ಲಕ್ಕಿಂತ ಮೇಲೆ ಇಟ್ಟರು. ನಾನು ಆ ದಿನ ಹೊಟ್ಟೆತುಂಬ ಉಂಡೆ. ಇನ್ನು ಒಂದು ತಿಂಗಳು ತಾನೇ.

ಎಂಟು ದಿನ ಕಳೆಯಲಿಲ್ಲ, ಆಗಸ್ಟ್ ಎರಡು ಬಂತು. ಇರಾಕಿನ ಸೈನ್ಯ ಬಂದದ್ದು ನಮಗೆ ಗೊತ್ತಾದದ್ದು ಬಸ್ಸು ಬರದೇ ಇದ್ದುದರಿಂದ. ಆಮೇಲೆ ಹೆಲಿಕಾಪ್ಟರ್ ಸದ್ದು, ಹೊಗೆ. ಅಬ್ಬಾಸಿಯಾದ ರೂಮಿನಲ್ಲಿ ಏಳು ಜನ ಒಂದು ರೇಡಿಯೋದ ಸುತ್ತ ಕೂತೆವು. ಅಕ್ಕಿ ಮುಗಿಯಿತು, ಬೇಳೆ ಮುಗಿಯಿತು. ಊರಿಗೆ ಒಂದು ಮಾತು ತಲುಪಿಸುವ ದಾರಿಯಿಲ್ಲ. ಸತ್ತಿದ್ದೇನೋ ಬದುಕಿದ್ದೇನೋ ಎಂದು ಹೆಂಡತಿಗೆ ಗೊತ್ತಿಲ್ಲ. ಇಷ್ಟರ ನಡುವೆ, ನಗಬೇಡಿ, ನನಗೆ ಆ ಕಾಗದದ್ದೇ ಚಿಂತೆ. ಕಾಲೇಜು ಇಲ್ಲ, ಮುದೀರ್ ಇಲ್ಲ, ದೇಶವೇ ಇದೆಯೋ ಇಲ್ಲವೋ. ನನ್ನ ತಪ್ಪು ಮಾತ್ರ ಬೀಗ ಹಾಕಿದ ಬೀರುವಿನಲ್ಲಿ ಹಾಗೇ ಕೂತಿದೆ.

ಮೂರನೆಯ ವಾರ ನಮ್ಮೂರಿನ ಅಂಗಡಿಯವರೊಬ್ಬರು ಪಿಕಪ್ಪಿನಲ್ಲಿ ಸಾಮಾನು ಹುಡುಕಿಕೊಂಡು ಹವಲ್ಲಿಗೆ ಹೊರಟಾಗ ನಾನೂ ಹತ್ತಿದೆ. "ನಿನಗೆಂತ ಮಾರಾಯಾ ಅಲ್ಲಿ ಕೆಲಸ?" ಎಂದರು. "ಒಬ್ಬರಿಗೆ ಒಂದು ಮಾತು ಹೇಳ್ಲಿಕ್ಕುಂಟು." "ಈಗ?" "ಈಗಲೇ." ದಾರಿಯಲ್ಲಿ ಕಾಲೇಜಿನ ಮುಂದೆ ಹಾದೆವು. ನನ್ನ ಮೈದಾನದ ಮೇಲೆ ಸಾಲಾಗಿ ಲಾರಿಗಳು ನಿಂತಿದ್ದವು.

ಕ್ಯಾಪ್ಟನ್ ಮೈದಾನ್ ಹವಲ್ಲಿಯ ಒಂದು ಬೇಕರಿಯ ಮುಂದೆ ಖುಬೂಸ್ ರೊಟ್ಟಿಯ ಸಾಲಿನಲ್ಲಿ ನಿಂತಿದ್ದರು. ಗಡ್ಡ ಬೆಳೆದು ಅರ್ಧ ಬೆಳ್ಳಗಾಗಿತ್ತು. ನಾನು ಸಲಾಂ ಹೇಳಿ ಉಸಿರೂ ಬಿಡದೆ ಎಲ್ಲವನ್ನೂ ಒದರಿದೆ. ದಪ್ಪ ಪೈಪು, ಸವಳು ನೀರು, ಮೂರು ಸಂಜೆ. ಕೇಳುತ್ತ ಕೇಳುತ್ತ ಅವರ ಹೊಟ್ಟೆ ಕುಲುಕತೊಡಗಿತು. ನಗುತ್ತಿದ್ದರು.

"ಯಾ ಇಸ್ಮಾಯಿಲ್! ಇದನ್ನು ಹೇಳಲು ನೀನು ಟ್ಯಾಂಕುಗಳ ನಡುವೆ ಬಂದೆಯಾ? ನನಗೆ ಆ ಬೆಳಿಗ್ಗೆಯೇ ಗೊತ್ತಿತ್ತು. ನನ್ನ ಕಾಲು ಹೇಳಿತು, ನಾಲಗೆ ಹೌದು ಎಂದಿತು."

"ಮತ್ತೆ ಮುದೀರಿಗೆ ಯಾಕೆ ಹೇಳಲಿಲ್ಲ?" ಎಂದೆ.

"ಹೇಳಿದ್ದರೆ? ನನಗೆ ಸೆಪ್ಟೆಂಬರಿನ ತನಕ ಸಮಯ ಇತ್ತು. ನಿನಗೆ ಒಂದು ದಿನವೂ ಇರುತ್ತಿರಲಿಲ್ಲ."

ಸಾಲು ಒಂದು ಹೆಜ್ಜೆ ಮುಂದೆ ಹೋಯಿತು. ನಾವೂ ಹೋದೆವು. ಅವರೇ ಹೇಳಿದರು, "ಪೂರ್ತಿ ನಿನ್ನ ತಪ್ಪು ಎಂದು ಹೊತ್ತುಕೊಂಡು ತಿರುಗಬೇಡ. ನೆಲ ಹಾಳು ಎಂದು ಗೊತ್ತಿದ್ದ ಮೇಲೆ ಚೆಂಡು ಎತ್ತಿ ಆಡಿ ಎಂದು ಹುಡುಗರಿಗೆ ನಾನು ಹೇಳಬಹುದಿತ್ತು. ಹೇಳಲಿಲ್ಲ. ಒಂದು ವರ್ಷ ಕಲಿಸಿದ್ದನ್ನು ಒಂದು ಬೆಳಿಗ್ಗೆಗೆ ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಅದು ನನ್ನ ಹಟ."

ನಾನು ಓದಿದವನಲ್ಲ, ಕೇಳಬಾರದ್ದನ್ನು ಕೇಳಿಬಿಟ್ಟೆ. "ಹಾಗಾದರೆ ಕ್ಯಾಪ್ಟನ್, ನೀವು ಒಳ್ಳೆಯ ಕೋಚ್ ಹೌದಾ, ಅಲ್ಲವಾ?"

"ಇನ್ನೊಂದು ವರ್ಷ ಕೊಟ್ಟಿದ್ದರೆ ಹೇಳುತ್ತಿದ್ದೆ" ಎಂದರು.

ಅವರಿಗೆ ಸಿಕ್ಕಿದ್ದು ನಾಲ್ಕು ಖುಬೂಸ್. ಮನೆಯಲ್ಲಿ ನಾಲ್ಕು ಜನ. ಒಂದನ್ನು ಹರಿದು ಅರ್ಧವನ್ನು ನನ್ನ ಕೈಗೆ ತುರುಕಿದರು. ನಾನು ಬೇಡವೆಂದೆ. "ಯಲ್ಲಾ, ಪಿಕಪ್ಪು ಹೋದೀತು" ಎಂದರು. ಕುಂಟುತ್ತಾ ಓಣಿಯೊಳಗೆ ತಿರುಗಿದರು. ಅದೇ ಕೊನೆ.

ಸೆಪ್ಟೆಂಬರಿನಲ್ಲಿ ನಾವು ಏಳು ಜನ ಬಸ್ರಾ, ಬಾಗ್ದಾದ್ ದಾಟಿ ಜೋರ್ಡಾನಿನ ಗಡಿಯ ಮರುಭೂಮಿಗೆ ಬಿದ್ದೆವು. ಡೇರೆಗಳ ಊರು, ಸಾವಿರ ಜನಕ್ಕೆ ಒಂದು ಟ್ಯಾಂಕರು. ಬೊಗಸೆಗೆ ಬಿದ್ದ ಮೊದಲ ನೀರನ್ನು ಬಾಯಿಗಿಟ್ಟರೆ ಸವಳು. ಜೊತೆಯವರು ಥೂ ಎಂದು ಉಗಿದರು. ನಾನು ಪೂರ್ತಿ ಕುಡಿದೆ. ನನಗೆ ಬರಬೇಕಾದ್ದು ಬಂತು ಎಂದುಕೊಂಡೆ. ಬೊಂಬಾಯಿಗೆ ವಿಮಾನ ಸಿಕ್ಕಿ ಊರು ಸೇರಿದಾಗ ಈ ಅಶ್ರಫ್ ನನ್ನ ಗುರುತು ಹಿಡಿಯದೆ ಒಳಗೆ ಓಡಿದ್ದ.

ತೊಂಬತ್ತೊಂದರ ಕೊನೆಗೆ ಕುವೈತು ಮತ್ತೆ ಕರೆಯಿತು. ಹೋದೆ. ಎಣ್ಣೆಬಾವಿಗಳ ಬೆಂಕಿ ಆಗಷ್ಟೇ ಆರಿತ್ತು. ನನ್ನ ಮೈದಾನ ಮಸಿ ಕುಳಿತು ಕಪ್ಪಾಗಿತ್ತು, ಗೋಲುಕಂಬಗಳನ್ನು ಯಾರೋ ಕಿತ್ತು ಒಯ್ದಿದ್ದರು. ಆಫೀಸಿನಲ್ಲಿ ಬೀರು ಇತ್ತು, ಬಾಗಿಲಿರಲಿಲ್ಲ, ಒಳಗೆ ಒಂದು ಚೂರು ಕಾಗದವೂ ಇರಲಿಲ್ಲ. ನಂಜುಂಡಯ್ಯನವರು ಮೈಸೂರಿನಿಂದ ಮರಳಲೇ ಇಲ್ಲ. ಸುಡಾನಿನ ಸರಕಾರ ಇರಾಕಿನ ಕಡೆ ವಾಲಿತ್ತೆಂದು ಸುಡಾನಿನವರಿಗೆ ಆಗ ವೀಸಾ ಸಿಗುತ್ತಿರಲಿಲ್ಲ. ಹವಲ್ಲಿಯ ಆ ಓಣಿಯಲ್ಲಿ ಮನೆ ಮನೆ ಕೇಳಿದೆ. ಬೇರೆ ಜನ, ಬೇರೆ ಪರದೆಗಳು. ಹೊಸ ಮುದೀರಿಗೆ ಇದ್ರೀಸ್ ಎಂಬ ಹೆಸರೇ ಗೊತ್ತಿಲ್ಲ. ಕಂಬ ನೆಟ್ಟೆ, ಮಸಿ ಕೆರೆದೆ, ಮತ್ತೆ ಹದಿನೈದು ವರ್ಷ ಆ ಮೈದಾನಕ್ಕೆ ಸಿಹಿನೀರು ಹಾಕಿದೆ. ಪ್ರತಿ ಸಲ ನಾಲಗೆಗೆ ಮುಟ್ಟಿಸಿ.

ಆ ಕಮಿಟಿಯ ಮೀಟಿಂಗು ಇಂದಿನವರೆಗೂ ನಡೆದಿಲ್ಲ. ಕ್ಯಾಪ್ಟನಿಗೆ ಇನ್ನೊಂದು ವರ್ಷ ಕೊಟ್ಟವರೂ ಇಲ್ಲ, ಕೊಡುವುದಿಲ್ಲ ಎಂದವರೂ ಇಲ್ಲ.

ಇಷ್ಟು ಹೇಳಿ ಮುಗಿಸುವಾಗ ನಮ್ಮ ಕಾರು ಒಂದು ಸಿಗ್ನಲ್ಲಿನಲ್ಲಿ ನಿಂತಿತ್ತು. ಅಶ್ರಫ್ ಮೂಗು ಒರೆಸಿಕೊಂಡ. "ಇದನ್ನೆಲ್ಲ ಅಮ್ಮನಿಗೂ ಹೇಳಿಲ್ವಾ ಬಾಪಾ?" ಎಂದ. ಹಿಂದಿನಿಂದ ಶಿಫಾಳ ದನಿ ಬಂತು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನದು.

"ಅಜ್ಜಾ, ದಿ ಥರ್ಡ್ ಗೋಲ್."

"ಎಂತ ಮಗಾ?"

"ಕೋಚ್ ಟೋಲ್ಡ್ ಮಿ ಟು ಸ್ಟೇ. ಸ್ಟೇ ಆನ್ ದ ಲೈನ್, ಅಂದ್ರು. ಐ ಕೇಮ್ ಔಟ್. ನಾನೇ." ಆಮೇಲೆ ಬಹಳ ಸಣ್ಣ ದನಿಯಲ್ಲಿ, "ಎವ್ರಿಬಡಿ ವಾಸ್ ಶೌಟಿಂಗ್ ಅಟ್ ಹರ್. ಶಿ ಡಿಡ್ನಾಟ್ ಸೇ ಎನಿಥಿಂಗ್."

ಅವಳು ಮುಂದಕ್ಕೆ ಬಾಗಿ ಅಪ್ಪನ ಕೈಯಿಂದ ಫೋನು ತೆಗೆದುಕೊಂಡಳು. ತಂದೆ ತಾಯಂದಿರ ಆ ಫೋನ್ ಗುಂಪಿನಲ್ಲೇ, ಎಲ್ಲ ಹೆಸರುಗಳ ಕೆಳಗೆ, ಮೂರನೆಯ ಗೋಲು ತನ್ನದೇ ತಪ್ಪು ಎಂದು ಬರೆದಳು.

"ಏ, ನಿನಗೆ ಮರ್ಳಾ? ಮುಂದಿನ ಮ್ಯಾಚಿಗೆ ನಿನ್ನನ್ನೇ ಹೊರಗೆ ಕೂರಿಸ್ತಾರೆ. ಇನ್ನೊಬ್ಬಳು ಕೀಪರ್ ಕಾಯ್ತಾ ಇದ್ದಾಳಲ್ಲ" ಎಂದ ಅಶ್ರಫ್.

"ಐ ನೋ" ಎಂದಳು. "ಬಾಬಾ, ಯೂ ಟರ್ನ್ ಪ್ಲೀಸ್."

ಸಿಗ್ನಲ್ ಇನ್ನೂ ಹಸಿರಾಗಿರಲಿಲ್ಲ. ನನಗೆ ಜೂನಿನಿಂದ ಆಗಸ್ಟಿನ ತನಕ, ಒಂದು ಯುದ್ಧದ ನಡುವಿನ ತನಕ ಹಿಡಿದ ಕೆಲಸ. ಅವಳಿಗೆ ಒಂದು ಕೆಂಪು ದೀಪದಷ್ಟು ಹೊತ್ತೂ ಹಿಡಿಯಲಿಲ್ಲ. ನನ್ನ ಎದೆ ಒಡೆದುಹೋಗುವ ಹಾಗೆ ಉಬ್ಬಿತು. ಈ ಹುಡುಗಿ ನನ್ನ ಮೊಮ್ಮಗಳು ಎಂದು ಪಕ್ಕದ ಕಾರಿನವನಿಗೆ ಕಿಟಕಿ ಇಳಿಸಿ ಹೇಳಬೇಕು ಎನಿಸಿತು. ಹೇಳಿದೆ ಕೂಡ. ಅವನು ಹಾರ್ನ್ ಹೊಡೆದ.

ಮೈದಾನಕ್ಕೆ ಮರಳಿದಾಗ ಎಲ್ಲರೂ ಹೋಗಿದ್ದರು. ಆ ಕೋಚ್ ಹುಡುಗಿ ಒಬ್ಬಳೇ ಚೆಂಡುಗಳನ್ನು ಬಲೆಯ ಚೀಲಕ್ಕೆ ತುಂಬುತ್ತಿದ್ದಳು. ಕೆಲಸದವನು ಮತ್ತೆ ನೀರು ಬಿಟ್ಟಿದ್ದ. ಅವಳಿಗೆ ಇನ್ನೊಂದು ವರ್ಷ ಸಿಗುತ್ತದೋ ಇಲ್ಲವೋ ನನಗೆ ತಿಳಿಯದು. ಒಳ್ಳೆಯ ಕೋಚ್ ಹೌದೋ ಅಲ್ಲವೋ ಅದೂ ತಿಳಿಯದು. ಶಿಫಾ ಬಾಗಿಲು ತೆರೆದು ಇಳಿದು ಅವಳ ಕಡೆಗೆ ಓಡಿದಳು. ಬೂಟು ಕಾರಿನಲ್ಲೇ ಬಿದ್ದಿತ್ತು. ಒದ್ದೆ ಮೈದಾನದ ಮೇಲೆ, ಈ ತುದಿಯಿಂದ ಆ ತುದಿಗೆ, ಬರಿಗಾಲಿನಲ್ಲಿ.